ಬೆಲ್ಜಿಯಂ ಶೈಲಿಯ ಬಿಯರಿಗೆ ಅಂಕ ಕೊಡುವ ಬಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಬೆಲ್ಜಿಯಂ ಶೈಲಿಯ ಕ್ರಾಫ್ಟ್ ಬಿಯರಿನ ಬಗ್ಗೆ ಎರಡು ಸಾಲು ಬರೆದದ್ದಕ್ಕೆ ಮಂಗಳೂರು, ಉಡುಪಿ ಕಡೆಯಿಂದ ನಿರೀಕ್ಷೆಗೂ ಮೀರಿ ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ, ಆರಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ತಿಂಗಳಿಗೊಮ್ಮೆ ಶನಿವಾರ ಸಂಜೆ ಸೇರಿ, ಸಿಕ್ಕಿದ ಬೆಲ್ಜಿಯಂ ಶೈಲಿಯ ಬಿಯರುಗಳನ್ನು ರುಚಿ ನೋಡಿ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಡುತ್ತೇವೆ. ಎಲ್ಲದಕ್ಕೂ ಏಳೋ ಎಂಟೋ ಬರುತ್ತದೆ, ಮತ್ತು ಪ್ರತಿ ಸಲ ಅತ್ಯಂತ ಕಡಕ್ ಆದದ್ದೇ ಗೆಲ್ಲುತ್ತದೆ. ನಾವು ಎಲ್ಲಿ ತಪ್ಪುತ್ತಿದ್ದೇವೆ? (ಓದುಗರೊಬ್ಬರು, ಕದ್ರಿ)

ಉತ್ತರ: ನಿಮ್ಮ ತಪ್ಪು ನಾಲಿಗೆಯದ್ದಲ್ಲ, ಕ್ರಮದ್ದು. "ಹತ್ತರಲ್ಲಿ ಎಂಟು" ಎಂದಾಗ ಆ ಎಂಟು ಯಾವುದಕ್ಕೆ ಬಂತು, ಕಳೆದುಹೋದ ಎರಡು ಯಾವುದಕ್ಕೆ ಹೋಯಿತು ಎಂಬುದು ಕೊಟ್ಟವರಿಗೇ ತಿಳಿದಿರುವುದಿಲ್ಲ. ಅಮೆರಿಕದಲ್ಲಿ 1985ರಲ್ಲಿ ಆರಂಭವಾದ ಬಿಜೆಸಿಪಿ ಎಂಬ ಬಿಯರ್ ತೀರ್ಪುಗಾರರ ಸಂಸ್ಥೆಯ ಪಟ್ಟಿಯಲ್ಲಿ ಒಟ್ಟು 50 ಅಂಕಗಳಿದ್ದು, ಅದರಲ್ಲಿ ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಆಗುವ ಸ್ಪರ್ಶಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10 ಎಂದು ಹಂಚಲಾಗಿದೆ. ಬಣ್ಣ, ನೊರೆ, ತಿಳಿ ಎಲ್ಲ ಸೇರಿ ಬರೀ 3 ಎನ್ನುವುದನ್ನು ಗಮನಿಸಿ. ಚೆಂದದ ಬಾಟಲಿಗೂ ಅದರ ಮೇಲಿನ ಚೀಟಿಗೂ ಅಲ್ಲಿ ಸೊನ್ನೆ. ಈ ಪಟ್ಟಿಯನ್ನು ಹಾಗೆಯೇ ಅನುಸರಿಸಬೇಕೆಂದಿಲ್ಲ, ಆದರೆ ಒಂದು ಅಂಕ ಬರೆಯುವ ಮೊದಲು ಅದರ ಪಕ್ಕ ಒಂದು ಮಾತು ಬರೆಯಬೇಕು ಎಂಬ ನಿಯಮವನ್ನಾದರೂ ಇಟ್ಟುಕೊಳ್ಳಿ. "ಪರಿಮಳ 9: ಕಳಿತ ಬಾಳೆಹಣ್ಣು, ಸ್ವಲ್ಪ ಲವಂಗ, ಹಿಂದೆ ಜೇನು" ಎಂದು ಬರೆದ ಕಾಗದವನ್ನು ಮುಂದಿನ ತಿಂಗಳು ತೆಗೆದು ನೋಡಿದರೂ ಅರ್ಥವಿದೆ. ಬರೀ "9" ಎಂದರೆ ಸತ್ತ ಅಂಕೆ.

ಎರಡನೆಯದಾಗಿ, ಒಂದು ಬಿಯರನ್ನು ಅದರ ಜಾತಿಯೊಳಗೇ ಅಳೆಯಬೇಕು. ಗೋಧಿಯ ವಿಟ್ ಬಿಯರಿನಲ್ಲಿ ಆಲ್ಕೊಹಾಲ್ ಶೇ. 5ರ ಆಸುಪಾಸು, ಕಂದುಬಣ್ಣದ ಡುಬೆಲ್‌ನಲ್ಲಿ 6ರಿಂದ 7.5ರ ತನಕ, ಹೊಂಬಣ್ಣದ ಟ್ರಿಪೆಲ್‌ನಲ್ಲಿ 7.5ರಿಂದ 9.5ರ ತನಕ ಇರುತ್ತದೆ. ವಿಟ್‌ನ ಪಕ್ಕ ಟ್ರಿಪೆಲ್ ಇಟ್ಟು ಯಾವುದು ಮೇಲು ಎಂದು ಕೇಳುವುದು, ನೀರುದೋಸೆಯನ್ನೂ ಕೋರಿರೊಟ್ಟಿಯನ್ನೂ ಒಂದೇ ತಟ್ಟೆಯಲ್ಲಿಟ್ಟು ಯಾವುದಕ್ಕೆ ಖಾರ ಹೆಚ್ಚು ಎಂದು ಕೇಳಿದ ಹಾಗೆ. ಕಡಕ್ ಬಿಯರ್ ಯಾವಾಗಲೂ ಗೆಲ್ಲುವುದಕ್ಕೆ ಇನ್ನೊಂದು ಸರಳ ಕಾರಣವೂ ಇದೆ: ಅದನ್ನು ನೀವು ಕೊನೆಗೆ ಕುಡಿಯುತ್ತೀರಿ, ಮತ್ತು ಆ ಹೊತ್ತಿಗೆ ಲೋಕದಲ್ಲಿರುವುದೆಲ್ಲ ಒಳ್ಳೆಯದಾಗಿಯೇ ಕಾಣುತ್ತದೆ. ಶೇ. 9.5ರ ಟ್ರಿಪೆಲ್‌ನ 330 ಮಿ.ಲೀ. ಬಾಟಲಿಯಲ್ಲಿ ಸುಮಾರು 31 ಮಿ.ಲೀ. ಶುದ್ಧ ಆಲ್ಕೊಹಾಲ್ ಇದೆ. ನಮ್ಮಲ್ಲಿ ಸಿಗುವ ಶೇ. 5ರ ಸಾಮಾನ್ಯ ಬಿಯರಿನ 650 ಮಿ.ಲೀ. ದೊಡ್ಡ ಬಾಟಲಿಯಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಒಂದು ಬಾಟಲಿಯನ್ನು ನಾಲ್ವರೂ ಹಂಚಿಕೊಳ್ಳಿ, ಒಬ್ಬೊಬ್ಬರಿಗೆ 75 ಮಿ.ಲೀ. ಸಾಕು, ಒಂದು ಸಂಜೆಗೆ ನಾಲ್ಕೈದು ಬಗೆಗಿಂತ ಹೆಚ್ಚು ಬೇಡ, ಮತ್ತು ಮನೆಗೆ ಹೋಗುವಾಗ ಸ್ಕೂಟರಿನ ಕೀಲಿ ಮನೆಯೊಡೆಯರ ಬಳಿಯೇ ಇರಲಿ.

ಮೂರನೆಯದು ತಂಪಿನ ವಿಷಯ, ಇದನ್ನು ನನ್ನ ಸ್ವಂತ ಅವಮಾನದಿಂದ ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ಉಡುಪಿಯ ಸ್ನೇಹಿತರ ಮನೆಯಲ್ಲಿ, ಹೆಸರು ಹೇಳದೆ ಐದು ಗ್ಲಾಸುಗಳನ್ನು ನನ್ನ ಮುಂದಿಟ್ಟರು. ಎರಡನೆಯ ಗ್ಲಾಸಿಗೆ ನಾನು 50ರಲ್ಲಿ 31 ಕೊಟ್ಟು "ಪರಿಮಳ ಮಂಕು, ಆಲ್ಕೊಹಾಲ್ ಮಾತ್ರ ಚುಚ್ಚುತ್ತದೆ" ಎಂದು ಬರೆದೆ. ಐದನೆಯದಕ್ಕೆ 38 ಕೊಟ್ಟು "ಒಣದ್ರಾಕ್ಷಿ, ಓಲೆಬೆಲ್ಲ, ತುಂಬು ರುಚಿ" ಎಂದು ಬರೆದೆ. ಎರಡೂ ಒಂದೇ ಬಾಟಲಿಯ ಡುಬೆಲ್. ಎರಡನೆಯ ಗ್ಲಾಸಿನದ್ದನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿದಿದ್ದರು, ಐದನೆಯದನ್ನು ಅದೇ ಬಾಟಲಿ ಇಪ್ಪತ್ತೈದು ನಿಮಿಷ ಹೊರಗಿದ್ದ ಮೇಲೆ. ಅಂದಿನಿಂದ ವಿಟ್ ಬಿಯರನ್ನು 5ರಿಂದ 7 ಡಿಗ್ರಿಯಲ್ಲೂ, ಡುಬೆಲ್, ಟ್ರಿಪೆಲ್‌ಗಳನ್ನು 10ರಿಂದ 12 ಡಿಗ್ರಿಯ ಹತ್ತಿರವೂ ರುಚಿ ನೋಡುತ್ತೇನೆ. ನಮ್ಮೂರಿನ ಸೆಕೆಯಲ್ಲಿ ಇದಕ್ಕೆ ಥರ್ಮಾಮೀಟರ್ ಬೇಕಿಲ್ಲ; ಗ್ಲಾಸಿನ ಹೊರಮೈ ಬೆವರಿ, ಆ ಬೆವರು ಹನಿಯಾಗಿ ಮೇಜಿಗೆ ಇಳಿಯತೊಡಗುವ ತನಕ ಕಾದರೆ ಸಾಮಾನ್ಯವಾಗಿ ಹದ ಬಂದಿರುತ್ತದೆ.

ಕೊನೆಗೆ ಒಂದೆರಡು ಸಣ್ಣ ಮಾತು. ಹೆಸರು ಮುಚ್ಚಿ ಸುರಿಯುವ ಕೆಲಸವನ್ನು ಸರದಿಯಂತೆ ಒಬ್ಬರಿಗೆ ವಹಿಸಿ, ಅವರು ಆ ದಿನ ಅಂಕ ಕೊಡದಿರಲಿ. ಬಂಗುಡೆ ಫ್ರೈ ತಿಂದ ತುಟಿಯಿಂದ ನೊರೆಯನ್ನು ಅಳೆಯಬೇಡಿ, ಏಕೆಂದರೆ ಎಣ್ಣೆ ತಗಲಿದ ಕ್ಷಣದಲ್ಲೇ ನೊರೆ ಸಾಯುತ್ತದೆ. ಪಾತ್ರೆ ತೊಳೆಯುವ ಸಾಬೂನಿನ ಪಸೆ ಉಳಿದ ಗ್ಲಾಸಿನಲ್ಲೂ ಅದೇ ಗತಿ. ನಡುನಡುವೆ ಬಾಯಿ ಸ್ವಚ್ಛ ಮಾಡಲು ಚಟ್ನಿಯಿಲ್ಲದ ನೀರುದೋಸೆಯ ತುಣುಕಿನಷ್ಟು ಒಳ್ಳೆಯದನ್ನು ನಾನು ಕಂಡಿಲ್ಲ. ಅಗರಬತ್ತಿ ಹಚ್ಚಿದ ಕೋಣೆ, ಮುಡಿಗೇರಿದ ಮಲ್ಲಿಗೆ ಎರಡೂ ಆ ಒಂದು ಗಂಟೆಯ ಮಟ್ಟಿಗೆ ದೂರವಿದ್ದರೆ ಒಳಿತು.

ಪ್ರಶ್ನೆ: ಮಣಿಪಾಲದಲ್ಲಿ ಒಂದು ಬೆಲ್ಜಿಯಂ ಶೈಲಿಯ ಬಿಯರ್ ಕುಡಿದಾಗ ಬಾಳೆಹಣ್ಣು, ಲವಂಗದ ಪರಿಮಳ ಸ್ಪಷ್ಟವಾಗಿ ಬಂತು. ಎಸೆನ್ಸ್ ಹಾಕುತ್ತಾರೆಯೇ? ಹಾಗಿದ್ದರೆ ಅಂಕ ಕಳೆಯಬೇಕಲ್ಲವೇ? (ಓದುಗರೊಬ್ಬರು, ಮಣಿಪಾಲ)

ಉತ್ತರ: ಎಸೆನ್ಸ್ ಇಲ್ಲದೆಯೇ ಆ ಎರಡೂ ಬರುತ್ತವೆ, ಅದು ಯೀಸ್ಟಿನ ಕೆಲಸ. ಬೆಲ್ಜಿಯಂ ತಳಿಯ ಯೀಸ್ಟುಗಳನ್ನು 20 ಡಿಗ್ರಿಯ ಆಚೆಗೂ ಬೆಚ್ಚಗೆ ಹುದುಗಲು ಬಿಡುತ್ತಾರೆ. ಆಗ ಅವು ಸಕ್ಕರೆಯನ್ನು ಆಲ್ಕೊಹಾಲ್ ಮಾಡುವುದರ ಜೊತೆಗೆ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರನ್ನೂ ಉತ್ಪಾದಿಸುತ್ತವೆ, ಕಳಿತ ಬಾಳೆಹಣ್ಣಿನಲ್ಲಿ ಇರುವುದೂ ಅದೇ. ಲವಂಗದ ಪರಿಮಳ 4-ವಿನೈಲ್ ಗ್ವಾಯಕಾಲ್ ಎಂಬ ಫೀನಾಲಿನದ್ದು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಲಾಗರ್ ಬಿಯರನ್ನು 10 ಡಿಗ್ರಿಯ ಆಸುಪಾಸಿನ ಚಳಿಯಲ್ಲಿ, ಬೇರೆ ಯೀಸ್ಟಿನಿಂದ ಹುದುಗಿಸುವುದರಿಂದ ಅದರಲ್ಲಿ ಇವು ಸಿಗುವುದಿಲ್ಲ, ಸಿಕ್ಕಿದರೆ ದೋಷ. ಬೆಲ್ಜಿಯಂ ಶೈಲಿಯಲ್ಲಿ ಅವು ಗುಣ, ಆದರೆ ಅಳತೆ ಮೀರಿ ನೇಂದ್ರಬಾಳೆಯ ಹಲ್ವದಂತೆ ಮೂಗಿಗೆ ಅಡರಿದರೆ ನಾನಂತೂ ಅಂಕ ಕಳೆಯುತ್ತೇನೆ.

ನಿಜಕ್ಕೂ ಮಸಾಲೆ ಹಾಕುವ ಜಾತಿಯೂ ಒಂದಿದೆ, ಅದು ವಿಟ್. ಮೊಳಕೆ ಬರಿಸದ ಗೋಧಿ, ಕೊತ್ತಂಬರಿ ಬೀಜ, ಒಣಗಿಸಿದ ಕಿತ್ತಳೆ ಸಿಪ್ಪೆ ಅದರ ಗುರುತು. ಬೆಲ್ಜಿಯಂನ ಹೂಗಾರ್ಡನ್ ಊರಿನಲ್ಲಿ 1950ರ ದಶಕದಲ್ಲಿ ಈ ಬಿಯರ್ ತಯಾರಿ ನಿಂತೇಹೋಗಿತ್ತು. ಹಾಲು ಮಾರುತ್ತಿದ್ದ ಪಿಯೆರ್ ಸೆಲಿಸ್ ಎಂಬವರು 1960ರ ದಶಕದಲ್ಲಿ ಅದನ್ನು ಮತ್ತೆ ಕುದಿಸಲು ತೊಡಗಿದ್ದರಿಂದ ಇಂದು ಲೋಕಕ್ಕೆಲ್ಲ ಅದು ಗೊತ್ತು. ಬಾಟಲಿಯ ಮೇಲಿನ ಹೆಸರು ಕೇಳಿ ಹೂದೋಟ ಎಂದು ತಿಳಿದವರನ್ನೂ ಬಲ್ಲೆ. ಕೊತ್ತಂಬರಿ ಬೀಜದ ವಿಷಯದಲ್ಲಿ ನಮ್ಮ ಕರಾವಳಿಯವರ ಮೂಗು ಬಲು ಖಡಕ್ ಎಂಬುದು ನನ್ನ ಅನುಭವ: ಹುರಿಯದೆ ಹಾಕಿದ್ದೋ, ಹಳತಾಗಿ ಸಪ್ಪೆಯಾದದ್ದೋ ಎಂದು ಗಸಿ ಮಾಡುವ ಅಮ್ಮಂದಿರು ಒಂದೇ ಉಸಿರಿಗೆ ಹೇಳಬಲ್ಲರು. ಅಂಕದ ಕಾಗದದಲ್ಲಿ ಪರದೇಶದ ಹಣ್ಣುಗಳ ಹೆಸರು ಹುಡುಕುವುದಕ್ಕಿಂತ ಆ ನೆನಪನ್ನು ಬಳಸಿ.

ಪ್ರಶ್ನೆ: ಲ್ಯಾಂಬಿಕ್ ಎಂಬ ಬೆಲ್ಜಿಯಂ ಬಿಯರ್ ವಿಪರೀತ ಹುಳಿಯಾಗಿದ್ದು, ಕೊಟ್ಟಿಗೆಯಂಥ ವಾಸನೆಯೂ ಇತ್ತು. ಹಾಳಾದದ್ದನ್ನು ಮಾರಿದರೇ? (ಓದುಗರೊಬ್ಬರು, ಕಲ್ಯಾಣಪುರ)

ಉತ್ತರ: ಹಾಳಾಗಿರಲಿಲ್ಲ, ಅದರ ಹುಟ್ಟೇ ಹಾಗೆ. ನಿಮ್ಮ ಊರಿನವರಿಗೆ ಇದನ್ನು ವಿವರಿಸುವುದು ಬೆಂಗಳೂರಿನವರಿಗೆ ವಿವರಿಸುವುದಕ್ಕಿಂತ ಸುಲಭ. ತೆಂಗಿನ ಹೊಂಬಾಳೆಗೆ ಕಟ್ಟಿದ ಮಡಕೆಗೆ ಒಳಗಿನಿಂದ ಸುಣ್ಣ ಬಳಿದರೆ ಸಿಹಿರಸ ಸಿಹಿಯಾಗಿಯೇ ಇಳಿಯುತ್ತದೆ. ಬಳಿಯದಿದ್ದರೆ ಗಾಳಿಯಲ್ಲೂ ಮಡಕೆಯಲ್ಲೂ ಇರುವ ಯೀಸ್ಟು ತಾನಾಗಿ ಸೇರಿ ಕಳ್ಳಾಗುತ್ತದೆ, ಸಂಜೆಯಾದರೆ ಹುಳಿಯೇರುತ್ತದೆ. ಯಾರೂ ಪೊಟ್ಟಣ ಬಿಚ್ಚಿ ಯೀಸ್ಟು ಹಾಕುವುದಿಲ್ಲ. ಬ್ರಸೆಲ್ಸ್ ಸುತ್ತಮುತ್ತಲ ಸೆನ್ನೆ ನದಿಯ ಕಣಿವೆಯಲ್ಲಿ ಲ್ಯಾಂಬಿಕ್ ಮಾಡುವವರೂ ಇದನ್ನೇ ಮಾಡುತ್ತಾರೆ: ಬಾರ್ಲಿ ಮಾಲ್ಟ್, ಗೋಧಿಗಳ ಕಷಾಯವನ್ನು ಹಳತಾದ ಹಾಪ್ಸ್ ಹೂವಿನೊಂದಿಗೆ ಕುದಿಸಿ, ಅಗಲವಾದ ತಟ್ಟೆಯಂಥ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಗಾಳಿಯ ಸೂಕ್ಷ್ಮಜೀವಿಗಳು ಬಂದು ಕೂರುತ್ತವೆ. ಸೆಕೆಗಾಲದಲ್ಲಿ ಬೇಡದ ಬ್ಯಾಕ್ಟೀರಿಯಾ ಸೇರುವುದರಿಂದ ಈ ಕೆಲಸ ಚಳಿಯ ತಿಂಗಳುಗಳಲ್ಲಿ ಮಾತ್ರ. ವ್ಯತ್ಯಾಸವಿರುವುದು ಕಾಲದಲ್ಲಿ, ಕಳ್ಳು ಒಂದು ದಿನದ್ದು, ಲ್ಯಾಂಬಿಕ್ ಮರದ ಪೀಪಾಯಿಯಲ್ಲಿ ಒಂದರಿಂದ ಮೂರು ವರ್ಷ ಕೂರುತ್ತದೆ. ಎಳೆಯದನ್ನೂ ಹಳೆಯದನ್ನೂ ಬೆರೆಸಿ, ಬಾಟಲಿಯೊಳಗೆ ಮತ್ತೆ ಹುದುಗಿಸಿದ್ದು ಗ್ಯೂಜ್. ಹುಳಿ ಚೆರ್ರಿ ಹಾಕಿದ್ದು ಕ್ರೀಕ್.

ನೀವು ಹೇಳಿದ ಕೊಟ್ಟಿಗೆಯ ವಾಸನೆ ಬ್ರೆಟ್ಟನೊಮೈಸಿಸ್ ಎಂಬ ಯೀಸ್ಟಿನದ್ದು, ಅದು ಹದವಾಗಿದ್ದರೆ ಅಂಕ ಸಿಗುತ್ತದೆ. ಹುಳಿಗೆ ಅಂಕ ಕೊಡುವಾಗ ಹೀಗೆ ನೋಡಿ: ಪುನರ್ಪುಳಿ ಶರಬತ್ತಿನಂತೆ ನಾಲಿಗೆಯ ಮೇಲೆ ಬಿಚ್ಚಿಕೊಂಡು ಒಣಗುತ್ತ ಹೋಗುವ ಹುಳಿ ಒಳ್ಳೆಯದು, ವಿನೆಗರಿನಂತೆ ಗಂಟಲು ಹಿಡಿಯುವ ಹುಳಿ ದೋಷ. ಲ್ಯಾಂಬಿಕ್ಕನ್ನು ಬೇರೆ ಬಿಯರುಗಳ ನಡುವೆ ಇಡಬೇಡಿ, ಅದರ ನಂತರ ಯಾವುದನ್ನು ಕುಡಿದರೂ ಸಪ್ಪೆಯೆನಿಸುತ್ತದೆ. ಸಂಜೆಯ ಕೊನೆಗಿರಲಿ, ಜೊತೆಗೆ ಒಂದು ತಟ್ಟೆ ಮರುವಾಯಿ ಸುಕ್ಕ ಇದ್ದರೆ ನನ್ನನ್ನೂ ಕರೆಯಿರಿ.

ಪ್ರಶ್ನೆ: ಯುರೋಪಿನಿಂದ ರಜೆಗೆ ಬಂದ ಮಗ ಎರಡು ಬಾಟಲಿ ತಂದಿದ್ದ: ಹಸಿರು ಗಾಜಿನ ಸೆಸಾನ್ (ಬೆಲ್ಜಿಯಂನ ತಿಳಿಬಣ್ಣದ ಬಿಯರ್) ಒಂದು, ಕಪ್ಪು ಬಣ್ಣದ ಕಡಕ್ ಏಲ್ (ಬೆಚ್ಚಗೆ ಹುದುಗಿಸಿದ ಬಿಯರ್) ಒಂದು. ಹಜಾರದ ಶೋಕೇಸಿನಲ್ಲಿ ಒಂದು ವರ್ಷ ಇಟ್ಟು ಈಚೆಗೆ ತೆರೆದೆವು. ಮೊದಲನೆಯದು ಅಸಹ್ಯ, ಎರಡನೆಯದು ಪರವಾಗಿಲ್ಲ. ಏಕೆ? (ಓದುಗರೊಬ್ಬರು, ಬಿಜೈ)

ಉತ್ತರ: ಶೋಕೇಸು ಬಿಯರಿನ ಶತ್ರು. ಹಾಪ್ಸಿನ ಕಹಿ ಅಂಶಕ್ಕೆ ಬೆಳಕು ತಾಗಿದಾಗ ಗಂಧಕ ಬೆರೆತ ಒಂದು ಥಯೋಲ್ ಹುಟ್ಟುತ್ತದೆ. ಅಡುಗೆ ಅನಿಲ ಸೋರಿದ್ದು ತಿಳಿಯಲೆಂದು ಸಿಲಿಂಡರಿಗೆ ಬೆರೆಸುವ ವಾಸನೆಯೂ ಅದೇ ಕುಲದ್ದು. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ತಡೆಯುವುದಿಲ್ಲ. ಅದರ ಮೇಲೆ ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿ. ಬಿಸಿ ಹೆಚ್ಚಿದಷ್ಟೂ ಬಿಯರ್ ಬೇಗ ಆಮ್ಲಜನಕದೊಂದಿಗೆ ಬೆರೆತು ಮುದಿಯಾಗುತ್ತದೆ, ಆಗ ಬರುವುದು ಆಟಿ ತಿಂಗಳಿನಲ್ಲಿ ಅಟ್ಟದ ಮೇಲೆ ಒದ್ದೆಯಾದ ರಟ್ಟಿನ ಪೆಟ್ಟಿಗೆಯ ವಾಸನೆ. ಕಪ್ಪು ಕಡಕ್ ಏಲ್‌ಗಳಲ್ಲಿ ಅದೇ ಮುಪ್ಪು ಖರ್ಜೂರ, ಒಣದ್ರಾಕ್ಷಿಯ ರುಚಿಯಾಗಿ ಒದಗುವುದೂ ಉಂಟು, ನಿಮ್ಮ ಎರಡನೆಯ ಬಾಟಲಿಯನ್ನು ಉಳಿಸಿದ್ದು ಅದೇ. ಕತ್ತಲಲ್ಲಿ, ತಂಪಿನಲ್ಲಿ, ನೆಟ್ಟಗೆ ನಿಲ್ಲಿಸಿ ಇಡಿ. ವಿಟ್ ಮತ್ತು ಸೆಸಾನ್‌ಗಳನ್ನು ಕೂಡಿಡುವ ಆಸೆಯನ್ನೇ ಬಿಡಿ. ಅಂಗಡಿಯಲ್ಲಿ ಕೊಳ್ಳುವಾಗಲೂ ಕಿಟಕಿಯ ಬಳಿಯ ಸಾಲಿನಿಂದ ತೆಗೆಯದೆ ಒಳಗಿನ ಪೆಟ್ಟಿಗೆಯಿಂದ ಕೇಳಿ ಪಡೆಯಿರಿ. ಅಂಗಡಿಯಾತ ಮುಖ ಸಿಂಡರಿಸಿದರೂ ಚಿಂತೆಯಿಲ್ಲ.

ಪ್ರಶ್ನೆ: ಟ್ರಾಪಿಸ್ಟ್ ಎಂದರೂ ಆಬಿ ಎಂದರೂ ಒಂದೆಯೇ? (ಓದುಗರೊಬ್ಬರು, ಮಲ್ಪೆ)

ಉತ್ತರ: ಅಲ್ಲ. ಟ್ರಾಪಿಸ್ಟ್ ಎಂಬುದು ರುಚಿಯ ಹೆಸರಲ್ಲ, ಮೂಲದ ಗುರುತು. 1997ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಟ್ರಾಪಿಸ್ಟ್ ಸಂಘದ ಷಟ್ಕೋನದ ಮುದ್ರೆ ಬೇಕಾದರೆ ಬಿಯರನ್ನು ಮಠದ ಆವರಣದಲ್ಲೇ, ಟ್ರಾಪಿಸ್ಟ್ ಪಂಥದ ಕ್ರೈಸ್ತ ಸನ್ಯಾಸಿಗಳ ಉಸ್ತುವಾರಿಯಲ್ಲಿ ತಯಾರಿಸಬೇಕು, ಬಂದ ಆದಾಯ ಮಠದ ನಿರ್ವಹಣೆಗೂ ದಾನಕಾರ್ಯಕ್ಕೂ ಹೋಗಬೇಕು. ಬೆಲ್ಜಿಯಂನಲ್ಲಿ ಷಿಮೇ, ಓರ್ವಾಲ್, ರೋಷ್‌ಫೋರ್, ವೆಸ್ಟ್‌ಮಾಲ್, ವೆಸ್ಟ್‌ಫ್ಲೇಟರನ್ ಇಂಥವು. ಆಬಿ ಎಂದರೆ ಮಠದ ಹೆಸರಿನಲ್ಲಿ, ಹೆಚ್ಚಾಗಿ ಹೊರಗಿನ ಕಾರ್ಖಾನೆಯಲ್ಲಿ ಮಾಡಿದ್ದು. ಮುದ್ರೆ ಕಂಡಿತೆಂದು ಎರಡು ಅಂಕ ಹೆಚ್ಚು ಕೊಡಬೇಕಿಲ್ಲ, ಕೆಲವು ಆಬಿ ಬಿಯರುಗಳು ಬಲು ಚೆನ್ನಾಗಿವೆ.

ಪ್ರಶ್ನೆ: ಬಾಟಲಿಯ ತಳದಲ್ಲಿ ಕೂತ ಗಷ್ಟನ್ನು ಕುಡಿಯಬಹುದೇ? (ಓದುಗರೊಬ್ಬರು, ಕುಲಶೇಖರ)

ಉತ್ತರ: ಕುಡಿಯಬಹುದು. ಬಾಟಲಿಯೊಳಗೆ ಎರಡನೆಯ ಸಲ ಹುದುಗಿಸಿದ್ದರಿಂದ ಉಳಿದ ಯೀಸ್ಟು ಅದು. ವಿಟ್ ಬಿಯರಿನಲ್ಲಿ ಅದನ್ನು ಬೇಕೆಂದೇ ಕಲಕಿ ಸುರಿಯುತ್ತಾರೆ, ಆ ಮೋಡದಂಥ ಬಿಳುಪು ಅದರ ಲಕ್ಷಣ. ಟ್ರಿಪೆಲ್‌ನಲ್ಲಿ ಮಾತ್ರ ಗ್ಲಾಸನ್ನು ಓರೆಯಾಗಿ ಹಿಡಿದು ಒಂದೇ ಧಾರೆಯಲ್ಲಿ ಸುರಿದು, ತಳದಲ್ಲಿ ಒಂದು ಬೆರಳಷ್ಟು ಉಳಿಸಿ. ಅಂಕ ಬರೆದು ಮುಗಿದ ಮೇಲೆ ಆ ಉಳಿದದ್ದನ್ನು ಬೇರೆ ಗ್ಲಾಸಿಗೆ ಹಾಕಿ ನೋಡಿ: ರೊಟ್ಟಿ ಹಿಟ್ಟಿನ ರುಚಿ ಹಿಡಿಸಿದರೆ ಮುಂದಿನ ಸಲ ಕಲಕಿಕೊಳ್ಳಿ, ಇಲ್ಲವಾದರೆ ಚೆಲ್ಲಿಬಿಡಿ.