ಸಂಪಾದಕರ ಉತ್ತರ: ಹೊಳಲ್ಕೆರೆಯ ಹುಡುಗಿ, ಬಿಎಸ್ಸಿ ಫಿಸಿಕ್ಸ್

ಹೊಳಲ್ಕೆರೆಯ ಓದುಗರೊಬ್ಬರ ಪತ್ರ: 'ಮಗಳು ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿದೆ. ಅವಳೋ ದಾವಣಗೆರೆಗೆ ಹೋಗಿ ಬಿಎಸ್ಸಿ ಫಿಸಿಕ್ಸ್ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಚಳ್ಳಕೆರೆಗೆ ಇಸ್ರೊ, ಬಾರ್ಕ್ (ಭಾಭಾ ಪರಮಾಣು ಸಂಶೋಧನಾ ಕೇಂದ್ರ) ಎಲ್ಲ ಬಂದಿವೆ, ಅಲ್ಲೇ ಕೆಲಸ ಸಿಗುತ್ತದಂತೆ. ನಮ್ಮ ಭಾವ, ಕೊನೆಗೆ ಟ್ಯೂಷನ್ ಹೇಳಿಕೊಂಡು ಕೂರಬೇಕಷ್ಟೆ ಅನ್ನುತ್ತಾರೆ. ಯಾರ ಮಾತು ಕೇಳಲಿ?'

ಚಳ್ಳಕೆರೆಯ ವಿಷಯದಲ್ಲಿ ಮಗಳ ಲೆಕ್ಕ ತಪ್ಪು. ಆ ಭಾಗದಲ್ಲಿ ಐಐಎಸ್ಸಿ, ಡಿಆರ್‌ಡಿಒ, ಬಾರ್ಕ್, ಇಸ್ರೊಗಳಿಗೆ ಜಾಗ ಕೊಟ್ಟಿದ್ದು ನಿಜ. ಆದರೆ ಇವರು ಊರು ನೋಡಿ ವಿಜ್ಞಾನಿಗಳನ್ನು ತೆಗೆದುಕೊಳ್ಳುವುದಿಲ್ಲ, ಇಡೀ ದೇಶದವರ ಜೊತೆ ಪೈಪೋಟಿ. ಇಸ್ರೊಗೆ ಹೆಚ್ಚಾಗಿ ಬೇಕಾದವರು ಇಂಜಿನಿಯರುಗಳೇ. ಬಾರ್ಕ್‌ನ ತರಬೇತಿ ಶಾಲೆಗೆ ಫಿಸಿಕ್ಸ್‌ನವರು ಹೋಗಬಹುದು, ಎಂಎಸ್ಸಿ ಆಗಿರಬೇಕು. ಹಾಗಾಗಿ ಐದು ವರ್ಷ ಓದಿಸಲು ತಯಾರಿದ್ದರೆ ಮಾತ್ರ ಈ ದಾರಿ. ಬರೀ ಬಿಎಸ್ಸಿಗೆ ನಿಲ್ಲಿಸಿದರೆ ಭಾವನ ಮಾತೇ ನಿಜವಾದೀತು. (ಪಾಠ ಹೇಳುವುದನ್ನು ಅಷ್ಟು ಹಗುರ ಮಾಡಬೇಡಿ ಅಂತ ಅವರಿಗೂ ಒಂದು ಮಾತು ಹೇಳಿ.)

ಅವಳಿಗೆ ಫಿಸಿಕ್ಸ್ ಒಗ್ಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಮಾರ್ಕ್ಸ್ ಕಾರ್ಡಿನಲ್ಲಿ ಅದು ಕಾಣುವುದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿಯೇ ಬೆಳೆದಿರುತ್ತಾಳೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಪವರ್ ಎಂಟು ಪಟ್ಟು, ಇಷ್ಟು ಪಿಯುಸಿಯವರೂ ಹೇಳುತ್ತಾರೆ. ಹಾಗಾದರೆ ಅದನ್ನೆಲ್ಲ ರೆಕ್ಕೆಗಳು ಯಾಕೆ ಹೀರಿಕೊಳ್ಳಬಾರದು ಅಂತ ಕೇಳಿ. ಎಲ್ಲವನ್ನೂ ಹೀರಿದರೆ ರೆಕ್ಕೆಯ ಹಿಂದೆ ಗಾಳಿ ನಿಂತೇ ಹೋಗುತ್ತದೆ, ಹೊಸ ಗಾಳಿ ಬರಲು ಜಾಗವಿರುವುದಿಲ್ಲ. ಏನೂ ಹೀರದಿದ್ದರೆ ಕರೆಂಟೇ ಇಲ್ಲ. ಗಾಳಿಯ ವೇಗ ಮೂರನೇ ಒಂದಕ್ಕೆ ಇಳಿಯುವಷ್ಟು ಹೀರಿದಾಗ ಅತಿ ಹೆಚ್ಚು ಸಿಗುತ್ತದೆ: 27ರಲ್ಲಿ 16 ಪಾಲು, ಸುಮಾರು ಶೇ 59. ಜರ್ಮನಿಯ ಆಲ್ಬರ್ಟ್ ಬೆಟ್ಸ್ 1920ರಲ್ಲಿ ಪ್ರಕಟಿಸಿದ ಲೆಕ್ಕವಿದು. ಪಿಯುಸಿಯ ಕ್ಯಾಲ್ಕುಲಸ್ ಸಾಕು. ತಾನೇ ಬಿಡಿಸಲು ಕೂತು, ಊಟಕ್ಕೆ ಕರೆದರೂ ಏಳದಿದ್ದರೆ ಕಳಿಸಿಬಿಡಿ. ಮೊಬೈಲಿನಲ್ಲಿ ಉತ್ತರ ನೋಡಿ ಮುಗಿಸಿದರೆ ಇಂಜಿನಿಯರಿಂಗೇ ವಾಸಿ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಲ್ಯಾಬ್ ನೋಡಿ. ಒಂದು ಉಪಕರಣಕ್ಕೆ ಎಷ್ಟು ಜನ ಅಂತ ಕೇಳಿ. ನ್ಯೂಟನ್ಸ್ ರಿಂಗ್ಸ್ ಪ್ರಯೋಗವನ್ನೇ ತೆಗೆದುಕೊಳ್ಳಿ. ಸೋಡಿಯಂ ದೀಪದ ಹಳದಿ ಬೆಳಕಲ್ಲಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಕಪ್ಪು ಉಂಗುರಗಳನ್ನು ಒಂದೊಂದಾಗಿ ಎಣಿಸುತ್ತ ಹೋಗಬೇಕು. ಮೈಕ್ರೋಸ್ಕೋಪನ್ನು ಸರಿಸುವ ಸ್ಕ್ರೂ ಒಂದೇ ದಿಕ್ಕಿಗೆ ತಿರುಗಬೇಕು. ನಡುವೆ ಹಿಂದಕ್ಕೆ ತಿರುಗಿಸಿದರೆ ಅದರ ಸಡಿಲದಿಂದಲೇ ರೀಡಿಂಗ್ ಕೆಡುತ್ತದೆ. ಉತ್ತರ, ಅಂದರೆ ಆ ಹಳದಿ ಬೆಳಕಿನ ತರಂಗಾಂತರ, 5893 ಆಂಗ್‌ಸ್ಟ್ರಾಂ ಎಂದು ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಸೀನಿಯರ್‌ಗಳ ರೆಕಾರ್ಡ್ ನೋಡಿ ರೀಡಿಂಗ್ 'ಕೂರಿಸುವ' ಚಾಳಿ ಹಳೆಯದು. ತನಗೆ 6100 ಬಂದರೆ ಹಾಗೇ ಬರೆದು, ಯಾಕೆ ಬಂತೆಂದು ಮೇಷ್ಟ್ರ ಜೊತೆ ವಾದ ಮಾಡಲು ಬಿಡುವ ಲ್ಯಾಬ್ ಸಿಕ್ಕರೆ ಅಲ್ಲೇ ಸೇರಿಸಿ.

ಉಳಿದದ್ದು ಸಣ್ಣ ವಿಷಯ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಫಿಸಿಕ್ಸ್ ಒಂದನ್ನೇ ಓದುವುದಲ್ಲ, ಕಾಂಬಿನೇಷನ್ ಇರುತ್ತದೆ. ಜೊತೆಗೆ ಗಣಿತ ಇರಲೇಬೇಕು, ಕೆಮಿಸ್ಟ್ರಿಯೋ ಕಂಪ್ಯೂಟರ್ ಸೈನ್ಸೋ ಅವಳಿಷ್ಟ. ಎಂಎಸ್ಸಿಗೆ ಐಐಟಿ ಕಡೆ ಕಣ್ಣಿದ್ದರೆ ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ಫೆಬ್ರವರಿಯಲ್ಲಿ, ಅಂದರೆ ಕೊನೆಯ ವರ್ಷದ ಪರೀಕ್ಷೆಗೂ ಮೊದಲೇ ಬರುತ್ತದೆ. ಎರಡನೇ ವರ್ಷದಿಂದಲೇ ಓದಲು ಶುರು ಮಾಡಲಿ.