ನನ್ನ ಬೆಂಚಿನವರು ಯಾರೂ ಬರಲಿಲ್ಲ

ಓದುಗರ ಪ್ರಶ್ನೆ, ಪಾದ್ರಿಯವರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯನ್ನು ಬೇರೆ ಬೇರೆ ಕಡೆಯಿಂದ ಕೇಳಿವೆ. ಚರ್ಚ್‌ಗೆ ಹೋಗುತ್ತೇವೆ, ಆದರೆ ಅಲ್ಲಿ ನಮ್ಮವರು ಅಂತ ಯಾರೂ ಇಲ್ಲ. ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇವುಗಳಿಗೆ ಮಾತ್ರ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ನಾನು ಸಭಾ ಕಮಿಟಿಯಲ್ಲಿ ಇದ್ದೇನೆ. ವರ್ಷವಿಡೀ ಕಾರ್ಯಕ್ರಮ ಮಾಡುತ್ತೇವೆ. ಕುಟುಂಬ ದಿನ, ಕ್ರೀಡೆ, ಪಿಕ್‌ನಿಕ್ ಎಲ್ಲ ಇದೆ. ಜನ ಬರುತ್ತಾರೆ, ಊಟ ಮಾಡುತ್ತಾರೆ, ಹೋಗುತ್ತಾರೆ. ಒಬ್ಬರಿಗೊಬ್ಬರು ಹತ್ತಿರವಾಗುವುದೇ ಇಲ್ಲ. ಎಲ್ಲಿ ತಪ್ಪುತ್ತಿದ್ದೇವೆ? (ಉಡುಪಿ)

ನಿಮ್ಮ ಪತ್ರ ಓದಿ ನನಗೆ ಒಬ್ಬ ಅಜ್ಜಿ ನೆನಪಾದರು. ಆಗ ನಾನು ಉಡುಪಿ ಕಡೆಯ ಒಂದು ಸಭೆಯಲ್ಲಿ, ಅಂದರೆ ಚರ್ಚ್‌ನಲ್ಲಿ, ಪಾದ್ರಿಯಾಗಿದ್ದೆ. ಆಟಿ ತಿಂಗಳು, ಬಿಡದೆ ಮಳೆ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದರು. ವಿಷಯ ಗೊತ್ತಾಗಿ ನಾನು ಹೋದೆ, ಪ್ರಾರ್ಥನೆ ಮಾಡಿದೆ, ಮುಂದಿನ ವಾರ ಮತ್ತೆ ಹೋದೆ, ಮೂರನೇ ವಾರವೂ ಹೋದೆ. ನನ್ನ ಕೆಲಸ ಸರಿಯಾಗಿ ಮಾಡುತ್ತಿದ್ದೇನೆ ಅನ್ನುವ ಸಮಾಧಾನ ನನಗೆ. ಮೂರನೇ ಸಲ ಅಜ್ಜಿ ಸ್ಟೀಲ್ ಲೋಟದಲ್ಲಿ ಕರಿ ಚಹಾ ಕೊಟ್ಟು, ಸ್ವಲ್ಪ ಹೊತ್ತು ಸುಮ್ನೆ ಕೂತು ಹೇಳಿದರು: "ನೀವು ಬಂದದ್ದು ಸಂತೋಷ ಅಯ್ಯನವರೇ. ಆದರೆ ನನ್ನ ಬೆಂಚಿನವರು ಯಾರೂ ಬರಲಿಲ್ಲ."

ಎಡಗಡೆ, ಕಿಟಕಿ ಪಕ್ಕದ ನಾಲ್ಕನೇ ಬೆಂಚು. ಅಜ್ಜಿ ಮದುವೆಯಾಗಿ ಬಂದಾಗಿನಿಂದ ಅಲ್ಲೇ ಕೂತವರು. ಅವರ ಜೊತೆ ಅದೇ ಬೆಂಚಿನಲ್ಲಿ ಕೂರುವ ಐದು ಜನ ಹೆಂಗಸರು ಇದ್ದರು, ಸಂಗೀತ ಪುಸ್ತಕ ಹಂಚಿಕೊಂಡು ಹಾಡುವವರು. ಆಮೇಲೆ ನಾನು ಅವರಲ್ಲಿ ಒಬ್ಬರನ್ನು ವಿಚಾರಿಸಿದೆ. ಅವರು ಹೇಳಿದ್ದು, "ನೀವು ಹೋಗ್ತಾ ಇದ್ದೀರಲ್ಲ ಅಯ್ಯನವರೇ, ಹಾಗಾಗಿ ನಾವು ಹೋಗಲಿಲ್ಲ." ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ನಾನು ಹೋಗುತ್ತಿದ್ದದ್ದೇ ಅವರು ಹೋಗದೆ ಇರಲು ಕಾರಣವಾಗಿತ್ತು. ಅವರು ಮಾಡಬೇಕಾದ ಕೆಲಸವನ್ನು ನಾನು ಕಸಿದುಕೊಂಡಿದ್ದೆ, ಅದೂ ಒಳ್ಳೆಯ ಮನಸ್ಸಿನಿಂದಲೇ.

ನಿಮ್ಮ ಕಮಿಟಿಯೂ ಅದನ್ನೇ ಮಾಡುತ್ತಿದೆ ಅಂತ ನನಗೆ ಅನ್ನಿಸುತ್ತದೆ. ಎಲ್ಲವನ್ನೂ ನೀವೇ ಮಾಡಿ ಮುಗಿಸುತ್ತೀರಿ. ಶಾಮಿಯಾನ ಹಾಕಿಸುತ್ತೀರಿ, ಕ್ಯಾಟರಿಂಗ್‌ನವರಿಗೆ ಹೇಳುತ್ತೀರಿ, ಬಂದವರು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದಷ್ಟೇ ಬಾಕಿ. ತಟ್ಟೆ ಹಿಡಿದವನಿಗೆ ಪಕ್ಕದವನ ಅಗತ್ಯ ಏನಿದೆ ಹೇಳಿ? ಅದೇ ಹಿಂದಿನ ದಿನ ಒಟ್ಟಿಗೆ ಕೂತು ತೆಂಗಿನಕಾಯಿ ತುರಿದವರು, ಈರುಳ್ಳಿ ಹೆಚ್ಚಿದವರು, ರಾತ್ರಿ ಹತ್ತು ಗಂಟೆಗೆ ಪಾತ್ರೆ ತೊಳೆದವರು ಮರುದಿನ ಎದುರು ಸಿಕ್ಕಿದರೆ ಮುಖ ನೋಡಿ ನಗುತ್ತಾರೆ.

ನಮ್ಮ ಊರಿನ ಹಳೇ ಸಭೆಗಳಲ್ಲಿ ಜನ ಹತ್ತಿರ ಇದ್ದದ್ದು ಅವರು ನಮಗಿಂತ ಒಳ್ಳೆಯವರಾಗಿದ್ದರು ಅಂತಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಸಭೆಗೆ ಸೇರಿದ ಎಷ್ಟೋ ಜನರಿಗೆ ಮನೆ ಹೋಯಿತು, ಜಾಗ ಹೋಯಿತು, ಕುಲಕಸುಬೂ ಕೈಬಿಟ್ಟಿತು. ಅವರ ಹೊಟ್ಟೆಪಾಡಿಗೆ ಮಗ್ಗ ಬಂತು, ಬಲ್ಮಠದಲ್ಲಿ ಪ್ರೆಸ್ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಭಾನುವಾರ ಪಕ್ಕದಲ್ಲಿ ಕೂತವನೇ ಸೋಮವಾರ ಕಾರ್ಖಾನೆಯಲ್ಲಿ ಮಣ್ಣಿನ ಬುಟ್ಟಿಗೆ ಇನ್ನೊಂದು ಕೈ ಕೊಡುವವನು. ಮನೆಯೂ ಹತ್ತಿರ, ಬಾವಿಯೂ ಒಂದೇ. ಅವರಿಗೆ ಬೇರೆ ಯಾರೂ ಇರಲಿಲ್ಲ, ಒಬ್ಬರಿಗೊಬ್ಬರು ಬೇಕೇ ಬೇಕಿತ್ತು. ಈಗ ಒಬ್ಬರು ಬಿಜೈಯ ಫ್ಲ್ಯಾಟ್‌ನಲ್ಲಿ, ಇನ್ನೊಬ್ಬರು ಸುರತ್ಕಲ್‌ನಲ್ಲಿ, ಮಗ ಬೆಂಗಳೂರಿನಲ್ಲಿ, ಮಗಳು ದುಬೈಯಲ್ಲಿ. ನಮ್ಮ ನಡುವೆ ಉಳಿದಿರುವುದು ಭಾನುವಾರದ ಒಂದೂವರೆ ಗಂಟೆ. ಅಷ್ಟರಲ್ಲಿ ಬಂಧ ತಾನಾಗಿ ಬೆಳೆಯುವುದಿಲ್ಲ, ಕೈಯಾರೆ ಬೆಳೆಸಬೇಕು.

ಅದಕ್ಕೆ ಮುಂದಿನ ವರ್ಷ ಎರಡು ಕಾರ್ಯಕ್ರಮ ಕಡಿಮೆ ಮಾಡಿ. ಕ್ಯಾಟರಿಂಗ್ ಬಿಟ್ಟು ಗಂಜಿ, ಚಟ್ನಿ, ಉಪ್ಪಿನಕಾಯಿ ಸಾಕು ಅಂತ ಮಾಡಿ, ಆದರೆ ಮನೆಮನೆಗೆ ಕೆಲಸ ಹಂಚಿ. ಮತ್ತೆ ಪ್ರತಿ ಬೆಂಚಿನವರಿಗೂ ಹೇಳಿ, ನಿಮ್ಮ ಬೆಂಚಿನಲ್ಲಿ ಒಬ್ಬರು ಎರಡು ಭಾನುವಾರ ಕಾಣಿಸದಿದ್ದರೆ ಸಭಾಪಾಲಕರಿಗೆ ತಿಳಿಸುವ ಮೊದಲು ನೀವೇ ಹೋಗಿ ನೋಡಿ ಬನ್ನಿ ಅಂತ. ಅಜ್ಜಿಯ ಮಾತು ಕೇಳಿದ ಮೇಲೆ ನಾನು ಮಾಡಿದ್ದು ಇಷ್ಟೇ. ಮೊದಲ ಆರು ತಿಂಗಳು ಯಾರೂ ಹೋಗಲಿಲ್ಲ, ಆಮೇಲೆ ಒಂದಿಬ್ಬರು ಹೋಗಲು ಶುರು ಮಾಡಿದರು. ನಿಧಾನ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಯ್ಯನವರೇ, ನಾವು ಧಾರವಾಡದ ಕಡೆಯವರು. ಯಜಮಾನರಿಗೆ ವರ್ಗಾವಣೆಯಾಗಿ ಮಂಗಳೂರಿಗೆ ಬಂದು ಎಂಟು ತಿಂಗಳಾಯಿತು. ಆರಾಧನೆ ಕನ್ನಡದಲ್ಲೇ ನಡೆಯುತ್ತದೆ, ಆದರೆ ಮುಗಿದು ಹೊರಗೆ ಬಂದರೆ ಎಲ್ಲರೂ ತುಳುವಿನಲ್ಲಿ ಮಾತಾಡುತ್ತಾರೆ. ಬಾಗಿಲಲ್ಲಿ ಕೈ ಕುಲುಕುತ್ತಾರೆ, ಅಷ್ಟೇ. ನಾವು ಇನ್ನೂ ಹೊರಗಿನವರಾಗೇ ಉಳಿದಿದ್ದೇವೆ. (ಮಂಗಳೂರು)

ಮೊದಲು ತುಳು ಮಾತು. ಅವರು ನಿಮ್ಮನ್ನು ದೂರ ಇಡಲು ತುಳು ಮಾತಾಡುವುದಿಲ್ಲ ತಂಗಿ, ಅದು ಅವರ ಮನೆ ಮಾತು, ಪ್ರಾರ್ಥನೆಯ ಮಾತೂ ಹೌದು. ತುಳುವಿನಲ್ಲಿ ಬೈಬಲಿನ ಹೊಸ ಒಡಂಬಡಿಕೆ ಅಚ್ಚಾದದ್ದು 1847ರಲ್ಲಿ, ಇದೇ ಮಂಗಳೂರಿನಲ್ಲಿ. ಆದರೂ ಪಕ್ಕದಲ್ಲಿ ತುಳು ಬಾರದವರು ನಿಂತಿರುವಾಗ ಮಾತನ್ನು ಕನ್ನಡಕ್ಕೆ ತಿರುಗಿಸುವುದು ನಮ್ಮ ಕರ್ತವ್ಯ. ಇದನ್ನು ಓದುತ್ತಿರುವ ಊರಿನವರು ದಯವಿಟ್ಟು ಗಮನಿಸಿ. ಎಂಟು ತಿಂಗಳು ಒಂದು ಕುಟುಂಬ ಚಹಾದ ಲೋಟ ಹಿಡಿದು ಗೋಡೆ ಬದಿಯಲ್ಲಿ ನಿಂತಿದೆ ಅಂದರೆ ಅದು ನಮ್ಮ ತಪ್ಪು.

ನಿಮಗೆ ಒಂದು ಮಾತು ಹೇಳಲಾ? ಅವರು ಕರೆಯಲಿ ಅಂತ ಕಾಯುವ ಬದಲು ನೀವೇ ಏನಾದರೂ ಕೇಳಿ. ಸಹಾಯ ಕೇಳಿ. ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಸಮಾರ್ಯದ ಹೆಂಗಸಿನ ಹತ್ತಿರ ಮೊದಲು ಆಡಿದ ಮಾತು ಉಪದೇಶವಲ್ಲ, ಕುಡಿಯಲು ನೀರು ಕೊಡು ಅಂತ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನಿಗೂ ಹಾಗೇ, ಇವತ್ತು ನಿನ್ನ ಮನೆಯಲ್ಲಿ ಉಳಿಯಬೇಕು ಅಂದರು. ಎರಡು ಕಡೆಯೂ ಕೇಳಿದವರು ಅವರೇ. ಕೊಟ್ಟರೆ ಜನ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ, ಕೇಳಿದರೆ ಮನೆಯೊಳಗೆ ಕರೆಯುತ್ತಾರೆ. ನನ್ನ ಅನುಭವವೂ ಇದೇ. ಒಳ್ಳೆ ಕುಚ್ಚಲಕ್ಕಿ ಎಲ್ಲಿ ಸಿಗುತ್ತದೆ, ಬಂಗುಡೆ ತಾಜಾ ಇದೆಯೋ ಇಲ್ಲವೋ ಹೇಗೆ ನೋಡುವುದು, ಮಕ್ಕಳಿಗೆ ಟ್ಯೂಷನ್ ಎಲ್ಲಿ ಚೆನ್ನಾಗಿದೆ, ಇಂಥದ್ದನ್ನು ಪಕ್ಕದಲ್ಲಿ ಕೂರುವ ಹೆಂಗಸಿನ ಹತ್ತಿರ ಕೇಳಿ ನೋಡಿ. ಮೀನಿನ ವಿಷಯ ಕೇಳಿದರೆ ನಮ್ಮೂರಿನವರು ನಿಮ್ಮನ್ನು ಮಾರ್ಕೆಟ್‌ಗೇ ಕರೆದುಕೊಂಡು ಹೋಗಿಬಿಡುತ್ತಾರೆ. ಮತ್ತೆ "ವನಸ್ ಆಂಡಾ?" ಅಂತ ಕೇಳಲು ಕಲಿಯಿರಿ, ಊಟ ಆಯಿತಾ ಅಂತ. ತಪ್ಪಾಗಿ ಹೇಳಿದರೂ ಪರವಾಗಿಲ್ಲ, ತಿದ್ದಲು ಬಂದವರ ಹತ್ತಿರ ಮಾತು ಮುಂದುವರಿಯುತ್ತದೆ.

ಬೆಳೆ ಹಬ್ಬ ಬಂದಾಗ ಬರಿಗೈಲಿ ಹೋಗಬೇಡಿ. ನಮ್ಮಲ್ಲಿ ತೆಂಗಿನಕಾಯಿ, ಕುಂಬಳಕಾಯಿ, ಬಾಳೆಗೊನೆ ಎಲ್ಲ ತಂದು ಆರಾಧನೆ ಆದ ಮೇಲೆ ಏಲಂ ಹಾಕುತ್ತಾರೆ. ತೋಟ ಇಲ್ಲದವರು ಏನು ತರುವುದು ಅಂತ ಸಂಕೋಚ ಬೇಡ. ಒಮ್ಮೆ ನಿಮ್ಮ ಕಡೆಯವರೇ ಒಬ್ಬರು ಖಡಕ್ ಜೋಳದ ರೊಟ್ಟಿಯ ಕಟ್ಟು ತಂದು, ಜೊತೆಗೆ ಒಂದು ಡಬ್ಬಿ ಶೇಂಗಾ ಚಟ್ನಿ ಇಟ್ಟಿದ್ದರು. ಏಲಂನಲ್ಲಿ ತೆಗೆದುಕೊಂಡವರು ಅಲ್ಲೇ ಬಿಚ್ಚಿ, ಮುರಿದು, ಎಲ್ಲರಿಗೂ ಹಂಚಿದರು. ಇದನ್ನು ಮಾಡುವುದು ಹೇಗೆ ಅಂತ ಕೇಳಿಕೊಂಡು ನಾಲ್ಕು ಜನ ಆ ತಾಯಿಯ ಸುತ್ತ ನಿಂತಿದ್ದನ್ನು ನಾನೇ ನೋಡಿದ್ದೇನೆ.

ಪ್ರಶ್ನೆ: ವಾಟ್ಸಾಪ್ ಗ್ರೂಪ್ ಇದೆ, ದಿನಾ ವಚನ ಬರುತ್ತದೆ, ಹುಟ್ಟುಹಬ್ಬಕ್ಕೆ ಶುಭಾಶಯ ಬರುತ್ತದೆ. ಅದು ಸಾಲುವುದಿಲ್ಲವಾ ಪಾಸ್ಟರ್? (ಮಣಿಪಾಲ)

ಸಾಲುವುದಿಲ್ಲ. ಯಾರಿಗೆ ರಕ್ತ ಬೇಕು, ಯಾರ ಮನೆಯಲ್ಲಿ ಸಾವಾಗಿದೆ ಅಂತ ತಿಳಿಸಲು ಅದು ತುಂಬಾ ಉಪಯೋಗ. ಅಲ್ಲಿ ಕೈ ಮುಗಿದ ಚಿತ್ರ ಹಾಕಿದ ಮೇಲೆ ಆ ಮನೆಗೊಂದು ಫೋನ್ ಮಾಡಿ.

ಪ್ರಶ್ನೆ: ನನಗೆ 24 ವರ್ಷ. ನಾನು ಚರ್ಚ್‌ಗೆ ಬರುವುದು ದೇವರಿಗಾಗಿ. ದೇವರ ಜೊತೆ ನನ್ನ ಸಂಬಂಧ ಚೆನ್ನಾಗಿದೆ. ಜನರ ಜೊತೆ ಯಾಕೆ ಬೇಕು? ಮಾತಾಡಿದರೆ ಕೆಲಸ ಸಿಕ್ಕಿತಾ, ಮದುವೆ ಯಾವಾಗ, ಇಷ್ಟೇ. (ಕಾಪು)

ಆ ಎರಡು ಪ್ರಶ್ನೆ ಎಷ್ಟು ನೋವು ಕೊಡುತ್ತವೆ ಅಂತ ನನಗೆ ಗೊತ್ತು. ಹಿರಿಯರು ಅದನ್ನು ನಿಲ್ಲಿಸಬೇಕು. ಬೇರೆ ಏನು ಕೇಳಬೇಕು ಅಂತ ಗೊತ್ತಿಲ್ಲದೆ ಕೇಳುತ್ತಾರೆ, ಕೆಟ್ಟ ಮನಸ್ಸಿನಿಂದ ಅಲ್ಲ. ಆದರೂ ಬೇಡ.

ಮೊದಲ ಕಾಲದ ಸಭೆಗಳನ್ನು ಕಟ್ಟಿದ ಪೌಲ ರೋಮಾಪುರದವರಿಗೆ ಬರೆದ ಪತ್ರ ಬೈಬಲಿನಲ್ಲಿದೆಯಲ್ಲ, ಅದರ 16ನೇ ಅಧ್ಯಾಯ ಓದಿ. ಬರೀ ಹೆಸರುಗಳು ಅಂತ ನಾವೆಲ್ಲ ದಾಟಿಸಿಬಿಡುವ ಅಧ್ಯಾಯ ಅದು. ಕೃಪೆ, ನಂಬಿಕೆ ಅಂತ ಅಷ್ಟು ಆಳವಾದ ವಿಷಯ ಬರೆದ ಪೌಲ, ಕೊನೆಗೆ ಕೂತು 20ಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ನೆನೆಸುತ್ತಾನೆ. ಇವಳು ನಿಮಗಾಗಿ ಎಷ್ಟು ದುಡಿದಳು, ಇವರು ನನಗಾಗಿ ಪ್ರಾಣವನ್ನೇ ಒಡ್ಡಿದರು ಅಂತ. ರೂಫ ಅನ್ನುವವನ ತಾಯಿಯನ್ನು ನೆನೆಸಿ, ಅವಳು ನನಗೂ ತಾಯಿ ಅನ್ನುತ್ತಾನೆ. ಆಕೆ ಅವನಿಗೆ ಏನು ಮಾಡಿದ್ದಳು ಅಂತ ಬರೆದಿಲ್ಲ. ಊಟ ಹಾಕಿದ್ದಳೋ, ಜ್ವರ ಬಂದಾಗ ನೋಡಿಕೊಂಡಿದ್ದಳೋ. ದೇವರ ಜೊತೆ ಪೌಲನ ಸಂಬಂಧ ಚೆನ್ನಾಗಿಯೇ ಇತ್ತು, ಆದರೂ ಅವನಿಗೆ ಆ ತಾಯಿ ಬೇಕಾಗಿದ್ದಳು. ನಿಮಗೂ ನಿಮ್ಮ ಸಭೆಯಲ್ಲಿ ಅಂಥ ಒಬ್ಬರು ಸಿಗಲಿ ಅಂತ ನಾನು ಪ್ರಾರ್ಥಿಸುತ್ತೇನೆ, ಒಬ್ಬರು ಸಾಕು.

ಪ್ರಶ್ನೆ: ಜಾಗದ ತಕರಾರಿನಿಂದ ನಮ್ಮ ಸಭೆಯ ಎರಡು ಕುಟುಂಬಗಳು ಮಾತು ಬಿಟ್ಟು ಏಳು ವರ್ಷ. ಒಬ್ಬರು ಬಲಗಡೆ ಕೂರುತ್ತಾರೆ, ಒಬ್ಬರು ಎಡಗಡೆ. ಎರಡೂ ಕಡೆಯವರು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಬರುತ್ತಾರೆ. ನೋಡಿ ಸಂಕಟವಾಗುತ್ತದೆ. (ಕುಂದಾಪುರ)

ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಅನ್ನುವ ಯೇಸು ಸ್ವಾಮಿಯ ಮಾತು ಇಬ್ಬರಿಗೂ ಗೊತ್ತು. ಗೊತ್ತಿದ್ದೂ ಆಗುತ್ತಿಲ್ಲ ಅಂದರೆ ಅವರಿಗೆ ಇನ್ನೊಬ್ಬರು ಬೇಕು. ಪೌಲನ ಕಾಲದಲ್ಲಿ ಫಿಲಿಪ್ಪಿ ಊರಿನ ಸಭೆಯಲ್ಲೂ ಯುವೊದ್ಯ, ಸಂತುಕೆ ಅಂತ ಇಬ್ಬರು ಹೆಂಗಸರ ನಡುವೆ ಹೀಗೇ ಆಗಿತ್ತು. ಪೌಲ ಇಬ್ಬರನ್ನೂ ಬೇಡಿಕೊಂಡು ಅಷ್ಟಕ್ಕೇ ಬಿಡಲಿಲ್ಲ, ಅವರಿಗೆ ಸಹಾಯ ಮಾಡು ಅಂತ ಮೂರನೆಯವನಿಗೂ ಹೇಳಿದ. ಜಾಗದ ವಿಷಯ ಕೋರ್ಟಿನಲ್ಲಿದ್ದರೆ ಇರಲಿ, ಅದನ್ನು ನೀವು ಮುಟ್ಟಬೇಡಿ. ಪ್ರಸಂಗದಲ್ಲಿ ಅವರನ್ನು ಕುಟುಕುವಂತೆ ಮಾತಾಡಬೇಡಿ ಅಂತ ನಿಮ್ಮ ಸಭಾಪಾಲಕರಿಗೂ ಹೇಳಿ. ಅದರಿಂದ ಗಾಯ ಇನ್ನೂ ದೊಡ್ಡದಾಗುತ್ತದೆ. ನೀವು ಎರಡೂ ಮನೆಗೆ ಹೋಗುತ್ತಾ ಇರಿ. ಒಬ್ಬರ ಮನೆಯ ಮಾತನ್ನು ಇನ್ನೊಬ್ಬರಿಗೆ ತಲುಪಿಸಬೇಡಿ, ಒಳ್ಳೆಯ ಸುದ್ದಿ ಇದ್ದರೆ ಮಾತ್ರ ಹೇಳಿ. ಅವರ ಮಗಳಿಗೆ ಹೆರಿಗೆಯಾಯಿತಂತೆ, ತಾಯಿ ಮಗು ಕ್ಷೇಮ, ಅಷ್ಟು ಸಾಕು. ನಾನು ನೋಡಿದ ಒಂದು ಜಗಳ ಹಾಗೇ ಮುಗಿಯಿತು. ಮಗುವಿಗೆ ಅಂತ ಒಂದು ಬಾಟಲಿ ತೆಂಗಿನೆಣ್ಣೆ, ಮನೆಯಲ್ಲೇ ಕಾಯಿಸಿದ್ದು, ಬೇಲಿ ದಾಟಿ ಹೋಯಿತು.

ಪ್ರಶ್ನೆ: ಚರ್ಚ್‌ಗೆ ಹೋಗದೆ ಹತ್ತು ವರ್ಷವಾಯಿತು. ಮನೆಯಲ್ಲಿ ಕೆಲವು ಕಷ್ಟ ಬಂತು, ಆಗ ಯಾರೂ ವಿಚಾರಿಸಲಿಲ್ಲ, ಬಿಟ್ಟುಬಿಟ್ಟೆ. ಈಗ ಹೋಗಬೇಕು ಅನ್ನಿಸುತ್ತಿದೆ. ಎಲ್ಲರೂ ತಿರುಗಿ ನೋಡುತ್ತಾರೆ ಅನ್ನುವ ಹೆದರಿಕೆ. (ಮಂಗಳೂರು)

ಕಷ್ಟದಲ್ಲಿ ಯಾರೂ ಬರಲಿಲ್ಲ ಅಂತ ಬರೆದಿದ್ದೀರಿ. ಒಬ್ಬ ಸಭಾಪಾಲಕನಾಗಿ ನಾನು ನಿಮ್ಮ ಕ್ಷಮೆ ಕೇಳುತ್ತೇನೆ. ನಾಲ್ಕನೇ ಬೆಂಚಿನ ಅಜ್ಜಿ ಹೇಳಿದ್ದನ್ನೇ ನೀವೂ ಹೇಳುತ್ತಿದ್ದೀರಿ.

ಭಾನುವಾರ ಬೇಡ, ಶನಿವಾರ ಸಂಜೆ ಹೋಗಿ. ಎಷ್ಟೋ ಸಭೆಗಳಲ್ಲಿ ಆ ಹೊತ್ತಿಗೆ ನಾಲ್ಕೈದು ಜನ ಇರುತ್ತಾರೆ. ಗುಡಿಸುವವರು, ಹೂ ಜೋಡಿಸುವವರು, ಹಾಡು ಅಭ್ಯಾಸ ಮಾಡುವ ಮಕ್ಕಳು. ತಿರುಗಿ ನೋಡಲು ಅಲ್ಲಿ ಜನವೇ ಇರುವುದಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಏನಾದರೂ ಕೆಲಸ ಇದೆಯಾ ಅಂತ ಕೇಳಿ. ಇದ್ದೇ ಇರುತ್ತದೆ.