ಈಗ ಓದುತ್ತಿರುವುದು ‘ಮರಳಿ ಮಣ್ಣಿಗೆ’

ಈಗ ಯಾವ ಪುಸ್ತಕ ಓದುತ್ತಿದ್ದೀರಿ, ಅದರಲ್ಲಿ ನಿಮಗೆ ಹಿಡಿಸಿದ್ದೇನು ಎಂದು ತಾವು ಕೇಳಿದ್ದೀರಿ. ಜೊತೆಗೆ, ದಪ್ಪ ಕಾದಂಬರಿಗಳನ್ನು ಕೈಗೆತ್ತಿಕೊಳ್ಳಲು ಅಳುಕಾಗುತ್ತದೆ ಎಂದೂ ಬರೆದಿದ್ದೀರಿ. ನಾನು ಈಗ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಎರಡನೆಯ ಸಲ ಓದುತ್ತಿದ್ದೇನೆ. ಇದೂ ದಪ್ಪ ಪುಸ್ತಕವೇ. ಆದರೂ ತಮ್ಮ ಅಳುಕು ಕಳೆಯಲು ಇದಕ್ಕಿಂತ ಒಳ್ಳೆಯ ಕಾದಂಬರಿ ನನಗೆ ತೋಚುತ್ತಿಲ್ಲ.

1940ರ ದಶಕದ ಆದಿಯಲ್ಲಿ ಪ್ರಕಟವಾದ ಈ ಕಾದಂಬರಿ ಕೋಟ, ಕುಂದಾಪುರಗಳ ಕಡೆಯ ಕಡಲತಡಿಯ ಕೋಡಿ ಎಂಬ ಹಳ್ಳಿಯಲ್ಲಿ ನಡೆಯುತ್ತದೆ. ಪೌರೋಹಿತ್ಯ ಮಾಡಿಕೊಂಡಿರುವ ರಾಮ ಐತಾಳ, ಅವನ ಮಗ ಲಚ್ಚ, ಮೊಮ್ಮಗ ರಾಮ, ಹೀಗೆ ಮೂರು ತಲೆಮಾರುಗಳ ಕತೆ. ಪದವಿ ತರಗತಿಯಲ್ಲಿದ್ದಾಗ ನಾನು ಇದನ್ನು ಈ ಮೂವರು ಗಂಡಸರ ಕತೆಯೆಂದೇ ಓದಿದ್ದೆ. ನಮ್ಮ ಟಿಪ್ಪಣಿಗಳಲ್ಲಿಯೂ ಹಾಗೆಯೇ ಇತ್ತು. ಈಗ ಓದುವಾಗ ನನ್ನನ್ನು ಬಿಡದೆ ಹಿಡಿದಿರುವವರು ಆ ಮನೆಯ ಹೆಂಗಸರು ಮತ್ತು ಅವರು ಮಾಡುವ ಕೆಲಸ. ಐತಾಳರ ಹೆಂಡತಿ ಪಾರೋತಿ ಹೆಚ್ಚು ಮಾತಿಲ್ಲದವಳು. ಬಾಲ್ಯದಲ್ಲಿಯೇ ವಿಧವೆಯಾಗಿ ತವರಿನಲ್ಲಿ ಉಳಿದ ಅವರ ತಂಗಿ ಸರಸೋತಿ ನೇರ ನುಡಿಯವಳು, ಅನ್ಯಾಯ ಕಂಡರೆ ಅಣ್ಣನೆಂದೂ ನೋಡದೆ ಆಡಿಬಿಡುವವಳು. ಐತಾಳರು ಪೌರೋಹಿತ್ಯಕ್ಕೆಂದು ಊರೂರು ತಿರುಗುತ್ತಿರುವಾಗ ಗದ್ದೆಯ ಕೆಲಸ, ಮನೆಯ ಕೆಲಸ, ಸೌದೆ, ತರಗೆಲೆ ಎಲ್ಲವೂ ಈ ಇಬ್ಬರ ಮೈಮೇಲೆ ಬೀಳುತ್ತದೆ.

ಮಳೆಗಾಲದ ಒಂದು ಪ್ರಸಂಗವನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಘಟ್ಟದ ಮೇಲೆ ಸುರಿದ ಮಳೆಗೆ ಹೊಳೆ ಉಕ್ಕಿ ಬಂದಾಗ ಅದರ ಜೊತೆಗೆ ಮರದ ತುಂಡುಗಳೂ ಕೊಂಬೆಗಳೂ ತೇಲಿಬರುತ್ತವೆ. ಕಡಲತಡಿಯಲ್ಲಿ ಸೌದೆಗೆ ಸದಾ ಬರ; ಆದ್ದರಿಂದ ಈ ಅತ್ತಿಗೆ ನಾದಿನಿಯರು ನೆರೆಯ ನೀರಿಗಿಳಿದು ಆ ಕಟ್ಟಿಗೆಯನ್ನು ದಡಕ್ಕೆಳೆದು ಕೂಡಿಹಾಕುತ್ತಾರೆ. ಕಾರಂತರು ಇದನ್ನು ಸಾಹಸವೆಂದು ಕೊಂಡಾಡುವುದಿಲ್ಲ, ಅಯ್ಯೋ ಪಾಪ ಎಂದು ಮರುಗುವುದೂ ಇಲ್ಲ. ವರ್ಷ ವರ್ಷವೂ ಆಗಬೇಕಾದ ಒಂದು ಕೆಲಸವೆಂಬಂತೆ ಬರೆಯುತ್ತಾರೆ. ಹಾಗೆ ಬರೆದದ್ದರಿಂದಲೇ, ಮಕ್ಕಳಾಗಲಿಲ್ಲವೆಂಬ ಕಾರಣಕ್ಕೆ ಐತಾಳರು ಸತ್ಯಭಾಮೆಯನ್ನು ಎರಡನೆಯ ಮದುವೆ ಮಾಡಿಕೊಂಡು ಬರುವಾಗ ಪಾರೋತಿಗೆ ಆಗುವ ನೋವನ್ನು ಲೇಖಕರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆ ಮನೆಗೆ ಅವಳು ಎಷ್ಟು ದುಡಿದಿದ್ದಾಳೆಂಬುದನ್ನು ನಾವು ಕಣ್ಣಾರೆ ಕಂಡಿರುತ್ತೇವೆ. ಸವತಿಯ ಮಗನಾದ ಲಚ್ಚನನ್ನು ಅವಳು ಹೆತ್ತ ತಾಯಿಯಂತೆಯೇ ಎತ್ತಿ ಆಡಿಸುವ ಪುಟಗಳನ್ನು ಓದುವಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತದ್ದುಂಟು.

ಇನ್ನೊಂದು ಕಾರಣಕ್ಕೂ ಈ ಪುಸ್ತಕ ನನಗೆ ಪ್ರಿಯ. ಒಂದು ಪ್ರದೇಶ ಬದಲಾಗುವ ಬಗೆಯನ್ನು ಇದು ಮನೆಯ ಮಾಡಿನಿಂದ ಹಿಡಿದು ತೋರಿಸುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಲ್ಲಿಂದ ಮುಂದೆ ಕರಾವಳಿಯ ಹುಲ್ಲಿನ ಮಾಡುಗಳ ಜಾಗಕ್ಕೆ ಕೆಂಪು ಹಂಚು ಬರತೊಡಗಿತು. ಕಾದಂಬರಿಯಲ್ಲಿ ಹಂಚಿನ ಮನೆಯೆಂದರೆ ಮಳೆಯಿಂದ ರಕ್ಷಣೆಯಷ್ಟೇ ಅಲ್ಲ, ನೆರೆಯ ಶೀನ ಮಯ್ಯನ ಎದುರು ತಲೆಯೆತ್ತಿ ನಿಲ್ಲುವ ಪ್ರಶ್ನೆಯೂ ಆಗುತ್ತದೆ. ಕೋಡಿಯವರು ಬೆಂಗಳೂರಿಗೆ ಹೋಗಿ ಹೋಟೆಲು ಇಟ್ಟು ಹಣ ಕಂಡದ್ದೂ ಇಲ್ಲಿ ಬರುತ್ತದೆ. ಇಂದು ಬೆಂಗಳೂರಿನ ಯಾವುದೋ ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವವರು, ಕರಾವಳಿಯ ಹೋಟೆಲು ಪರಂಪರೆಯ ಹಿಂದೆ ಎಂಥ ಬಡತನ, ಎಂಥ ಛಲ ಇತ್ತೆಂದು ತಿಳಿಯಲು ಈ ಭಾಗವನ್ನು ಓದಬೇಕು. ಆ ಕಾಲದಲ್ಲಿ ಕೋಡಿಯ ಸೀಮೆಯನ್ನು ಒಳಗೊಂಡ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮೊಮ್ಮಗ ರಾಮ ಓದಲು ಮೈಸೂರಿಗಲ್ಲದೆ ಮದರಾಸಿಗೆ ಹೋಗುವುದೇಕೆ ಎಂಬ ಸಂಶಯ ಹೊಸ ಓದುಗರಿಗೆ ಬಂದರೆ ಇದನ್ನು ನೆನಪಿನಲ್ಲಿಟ್ಟುಕೊಳ್ಳಬಹುದು.

ನಾನು ಸದ್ಯ ಲಚ್ಚನ ಹೆಂಡತಿ ನಾಗವೇಣಿಯ ಭಾಗದಲ್ಲಿದ್ದೇನೆ. ಓದಲೆಂದು ಪೇಟೆ ಸೇರಿದ ಲಚ್ಚ ದುರ್ಮಾರ್ಗ ಹಿಡಿದು, ಹಿರಿಯರು ಕೂಡಿಟ್ಟ ಆಸ್ತಿಯನ್ನು ಕರಗಿಸಿ, ಕೈಹಿಡಿದ ಹೆಂಡತಿಗೆ ರೋಗವನ್ನೂ ದುಃಖವನ್ನೂ ತಂದೊಡ್ಡುತ್ತಾನೆ. ಅಷ್ಟಾದರೂ ನಾಗವೇಣಿ ಉಳಿದ ಒಬ್ಬ ಮಗನನ್ನು ಕಟ್ಟಿಕೊಂಡು ಬದುಕನ್ನು ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ. ಮುದುಕಿಯಾದ ಸರಸೋತಿ ಅವಳಿಗೆ ಆಸರೆಯಾಗಿ ನಿಲ್ಲುವ ಪುಟಗಳು, ನನ್ನ ಎಣಿಕೆಯಲ್ಲಿ, ಕನ್ನಡ ಕಾದಂಬರಿಯಲ್ಲಿ ಹೆಂಗಸರಿಬ್ಬರ ಸ್ನೇಹವನ್ನು ಕುರಿತ ಅತ್ಯುತ್ತಮ ಬರವಣಿಗೆ. ಶೀರ್ಷಿಕೆಯಲ್ಲಿರುವ ಮರಳುವಿಕೆಯನ್ನು ವಿಮರ್ಶಕರು ಸಾಮಾನ್ಯವಾಗಿ ರಾಮನಿಗೆ ಅನ್ವಯಿಸುತ್ತಾರೆ. ಆದರೆ ರಾಮ ಮರಳಿ ಬರುವುದಕ್ಕೆ ಅಲ್ಲಿ ಮನೆಯೊಂದು ಉಳಿದದ್ದು, ಗದ್ದೆಗೆ ಬೀಜ ಬಿದ್ದದ್ದು ಈ ಹೆಂಗಸರಿಂದ ಎಂಬುದನ್ನು ಅಷ್ಟೇ ಒತ್ತಿ ಹೇಳಬೇಕೆಂದು ನನ್ನ ಅಭಿಪ್ರಾಯ.

ಇದರ ಜೊತೆಗೆ ಕಾರಂತರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಕೃತಿಯನ್ನೂ ಅಲ್ಲಲ್ಲಿ ತಿರುವಿಹಾಕುತ್ತಿದ್ದೇನೆ. ಅಸಹಕಾರ ಚಳವಳಿಯ ಕಾಲದಲ್ಲಿ ಅವರು ಕಾಲೇಜು ಬಿಟ್ಟು ಹೊರಬಿದ್ದವರು; ಕಾದಂಬರಿಯ ರಾಮನೂ ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕುವುದರಿಂದ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದುವುದು ಲಾಭದಾಯಕ. ಆದರೆ ತಾವು ಕಾದಂಬರಿಯನ್ನೇ ಮೊದಲು ಓದಿ.

ಆರಂಭದ ಅಧ್ಯಾಯಗಳಲ್ಲಿ ಹೆಚ್ಚೇನೂ ಘಟಿಸುವುದಿಲ್ಲವೆಂದು ಅನ್ನಿಸಬಹುದು. ಅಲ್ಲಿ ಬೇಗ ಬೇಗ ಪುಟ ತಿರುವಬೇಡಿ, ದಿನಕ್ಕೆ ಒಂದು ಅಧ್ಯಾಯವಾದರೂ ಸಾಕು. ಮಾತುಕತೆಯಲ್ಲಿ ಬರುವ ಆ ಕಡೆಯ ಕೆಲವು ಮಾತುಗಳು ಅರ್ಥವಾಗದಿದ್ದರೆ ಅಲ್ಲಿಯೇ ನಿಲ್ಲದೆ ಮುಂದೆ ಹೋಗಿ, ಸಂದರ್ಭವೇ ಅರ್ಥವನ್ನು ಬಿಡಿಸುತ್ತದೆ. ಸತ್ಯಭಾಮೆ ಆ ಮನೆಗೆ ಕಾಲಿಡುವವರೆಗೆ ಓದಿ ನೋಡಿ. ಅಲ್ಲಿಗೂ ಮನಸ್ಸು ಹತ್ತದಿದ್ದರೆ ಇಲ್ಲಿಯೇ ತಿಳಿಸಿ, ಕಾರಂತರದ್ದೇ ಇನ್ನೊಂದು ಚಿಕ್ಕ ಕಾದಂಬರಿಯನ್ನು ಸೂಚಿಸುತ್ತೇನೆ.